ಹಳದಿ ಗ್ಲೌಸು

ಮೂರು ಲಕ್ಷ ಮೈಲಿ ಓಡಿದ ವ್ಯಾನು.
ಹೀಟರು ಬಲಗಡೆಗೆ ಮಾತ್ರ.
ಎಡಗಡೆಯ ಚಳಿಯನ್ನು ಸರದಿಯ ಮೇಲೆ ಹಂಚಿಕೊಳ್ಳಬೇಕು.
ಅದು ಡೆಲ್ಫಾ ಮಾಡಿದ ಕಾನೂನು,
ತನ್ನನ್ನೂ ಸೇರಿಸಿ.

ನಾನು ಸ್ಟೀಲ್ ಗಿಟಾರಿನವನು, ವಯಸ್ಸು ಅರವತ್ತೊಂದು.
ಇವಳಿಗಿಂತ ಮೊದಲು ಮೂವರ ಹಿಂದೆ ಕೂತು ನುಡಿಸಿದ್ದೇನೆ.
ಮೂವರದೂ ಇನ್ನೇನು ಕೈಗೆ ಸಿಕ್ಕಿತು ಅನ್ನುತ್ತಿದ್ದರು ಜನ.
ಒಬ್ಬ ಈಗ ಪಡೂಕಾದಲ್ಲಿ ಮನೆ ಮಾರಿಸುತ್ತಾನೆ,
ಒಬ್ಬಳು ದೇವರ ಕಡೆ ಹೋದಳು,
ಮೂರನೆಯವನ ಸುದ್ದಿ ಬೇಡ.

ಡೆಲ್ಫಾ ಗಿಲ್‌ಬ್ರೆತ್, ಅಲಬಾಮಾದ ಬಡಗಣ ಗುಡ್ಡದವಳು.
ಕೆಮ್ಮಣ್ಣು ಹತ್ತಿದ ಕಾಲುಚೀಲ
ಎಷ್ಟು ಒಗೆದರೂ ಬಿಳಿಯಾಗದ ಊರು.
ಅಮ್ಮ ವರ್ಲೀನ್ ಕೋಳಿ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ,
ರೆಕ್ಕೆ ಬೇರೆ, ತೊಡೆ ಬೇರೆ, ಬೆಳಗಾಗುವ ತನಕ.
ಮಗಳು ಮೊದಲು ಹಾಡಿದ್ದು ಟ್ರ್ಯಾಕ್ಟರ್ ಅಂಗಡಿಯ ಅಂಗಳದಲ್ಲಿ
ಮೇವಿನ ಮೂಟೆ ಪೇರಿಸಿ ಮಾಡಿದ ಕಟ್ಟೆಯ ಮೇಲೆ.
ಕೂಲಿ ಒಂದು ಜೊತೆ ಬೂಟು, ಅದೂ ಅರ್ಧ ಸೈಜು ದೊಡ್ಡದು.
ಇವತ್ತಿಗೂ ತುದಿಗೆ ಹತ್ತಿ ತುರುಕಿ ಅದನ್ನೇ ಮೆಟ್ಟುತ್ತಾಳೆ.

ನ್ಯಾಶ್‌ವಿಲ್‌ನ ಆಫೀಸಿನಲ್ಲಿ ತಣ್ಣನೆ ನೀರು ಕೊಟ್ಟು
‘ಹೆಸರು ಬಾಯಿ ತುಂಬುತ್ತೆ, ಸ್ವಲ್ಪ ಕತ್ತರಿಸೋಣ’ ಅಂದರಂತೆ.
‘ನಮ್ಮ ಮನೇಲಿ ಕತ್ತರಿಸೋದು ಕೋಳೀನ’ ಅಂದಳಂತೆ ಇವಳು.
ನಕ್ಕರಂತೆ. ಬರೆದೂ ಕೊಂಡರಂತೆ,
ಪ್ರಚಾರಕ್ಕೆ ಬರುತ್ತೆ ಅಂತ.

ಆ ಹಾಡು ಹುಟ್ಟಿದ್ದು ಟುಪೆಲೋ ದಾಟಿದ ಮೇಲೆ, ನನ್ನ ಕಣ್ಣೆದುರೇ.
ಸಿಂಕಿನ ಅಂಚಿಗೆ ಒಣಹಾಕಿದ ಅಮ್ಮನ ನೀಲಿ ಗ್ಲೌಸು,
ಬೆಳಗಿನ ಗಾಳಿಗೆ ಐದೂ ಬೆರಳು ಆಡುತ್ತಿವೆ
ಯಾರನ್ನೋ ಕರೆದ ಹಾಗೆ.
ಇಷ್ಟೇ. ಮಿಕ್ಕದ್ದಕ್ಕೆ ನನ್ನ ತಂತಿ ಅಳಬೇಕು.
ನಮ್ಮ ಮಾತಿನಲ್ಲಿ ನೀಲಿ ಅಂದರೆ ದುಃಖ ಅಂತಲೂ ಅರ್ಥ,
ಪ್ರಾಸಕ್ಕಂತೂ ಬರವೇ ಇಲ್ಲ.

ರೇಡಿಯೋದಲ್ಲಿ ಮೊದಲ ಸಲ ಕೇಳಿದ್ದು
ಅರ್ಕಾನ್ಸಾದ ಪೆಟ್ರೋಲ್ ಬಂಕಿನಲ್ಲಿ, ರಾತ್ರಿ ಮೂರಕ್ಕೆ.
ಟ್ಯಾಂಕು ತುಂಬಿ ಮೀಟರು ನಿಂತಿತ್ತು,
ಪೈಪು ಹಿಡಿದವಳು ಬಿಡಲಿಲ್ಲ.
ಡ್ರಮ್ಮಿನ ಹುಡುಗ ಕೂಗಿದ, ಕುಣಿದ, ಎಣ್ಣೆಯ ಮೇಲೆ ಜಾರಿ ಬಿದ್ದ.
ಹಾಡು ಮುಗಿದು ಹಾಸಿಗೆಯ ಜಾಹೀರಾತು ಬಂತು.
ಆಗ ಪೈಪು ತೂಗುಹಾಕಿ ಒಳಗೆ ಹೋಗಿ
ಬೇಯಿಸಿದ ಕಡಲೇಕಾಯಿ ತಂದಳು, ಎಲ್ಲರಿಗೂ.

ಬೆಳಿಗ್ಗೆ ಅಮ್ಮನ ಫೋನು. ನಾವೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದಳು.
‘ಕೇಳಿದೆ ಕಣೇ. ಲೈನಿನಲ್ಲಿ ಎಲ್ಲರೂ ಕೇಳಿದರು.
ಚೆನ್ನಾಗಿದೆ.
ಆದರೆ ನನ್ನ ಗ್ಲೌಸು ಹಳದಿ.
ನೀಲಿ ಹಾಕೋರು ಇನ್‌ಸ್ಪೆಕ್ಟರುಗಳು.’

ಯಾರೂ ಉಸಿರೆತ್ತಲಿಲ್ಲ.
ಎಡಗಡೆ ಸೀಟಿನ ಸರದಿ ಆವತ್ತು ನನ್ನದು.
ನನ್ನನ್ನೆಬ್ಬಿಸಿ ಅವಳೇ ಕೂತಳು.
ಎಂಬತ್ತು ಮೈಲಿ, ಮಾತಿಲ್ಲ.

ಆಮೇಲೆ ಬಸ್ಸು ಬಂತು. ಮಲಗುವ ಬಸ್ಸು, ಎರಡೂ ಕಡೆ ಬೆಚ್ಚಗೆ.
ಬಸ್ಸಿನ ಜೊತೆ ಹೊಸ ಬ್ಯಾಂಡು, ಬೆಳ್ಳನೆ ಹಲ್ಲಿನವರು.
ಮ್ಯಾನೇಜರು ಹೇಳಬಹುದಿತ್ತು, ಕಾಗದ ಬರಬಹುದಿತ್ತು,
ಅವಳೇ ಬಂದಳು. ಪ್ಯಾನ್‌ಕೇಕಿನ ಹೋಟೆಲಿನಲ್ಲಿ ಎದುರು ಕೂತು
ತಟ್ಟೆ ತುಂಬ ಪಾಕ ಸುರಿದು, ತಿನ್ನದೆ,
‘ನಿನ್ನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ, ವೆಂಡಲ್’ ಅಂದಳು.
ಬಿಲ್ಲು ಅವಳದು. ಟಿಪ್ಸು ನಾನಿಟ್ಟೆ.
ಕೋಪ? ಇತ್ತು. ಹೆಚ್ಚುಕಮ್ಮಿ ಬೇಸಿಗೆಯವರೆಗೆ.

ನಿನ್ನೆ ಟೈರು ಹಾಕಿಸಲು ಹೋದ ಗ್ಯಾರೇಜಿನ ಟೀವಿಯಲ್ಲಿ ಅವಳು.
ಇಪ್ಪತ್ತು ಸಾವಿರ ಫೋನುಗಳ ಬೆಳಕು.
ಅದೇ ಬೂಟು.
ಸಿಂಕಿನ ಅಂಚಿಗೆ ಬಂದಳು, ಗ್ಲೌಸಿಗೆ ಬಂದಳು,
‘ಹಳದಿ’ ಅಂದಳು.

ಪ್ರಾಸ ಮುರಿಯಿತು. ಸಾಲು ಒಂದು ಮಾತ್ರೆ ಕುಂಟಿತು.
ನೀಲಿಗೆಂದು ಎತ್ತಿಟ್ಟಿದ್ದ ಸ್ವರವನ್ನು
ಎಲ್ಲಿಡಬೇಕೋ ತಿಳಿಯದೆ
ಸ್ಟೀಲಿನ ಹೊಸ ಹುಡುಗ ಕೈ ಎತ್ತಿಬಿಟ್ಟ.

ಅಲ್ಲಿ ನಾನಿದ್ದರೆ ಏನು ನುಡಿಸುತ್ತಿದ್ದೆ?
ಬೆಂಚಿನ ಮೇಲೆ ಬೆರಳು ಜಾರಿಸಿ ಹುಡುಕಿದೆ,
ಎರಡು ಸಲ, ಮೂರು ಸಲ.
ಏನೂ ಇಲ್ಲ. ಅಲ್ಲಿ ಏನನ್ನೂ ನುಡಿಸಬಾರದು.
ಹುಡುಗ ತಪ್ಪಿ ಸರಿ ಮಾಡಿದ್ದ.

‘ಗಾಡಿ ರೆಡಿ’ ಅಂದ ಮೆಕ್ಯಾನಿಕ್, ಕೈ ಒರೆಸುತ್ತ.
ಅವನ ಗ್ಲೌಸಿನ ಬಣ್ಣ ನೋಡಿಕೊಂಡು
ದುಡ್ಡು ಕೊಟ್ಟೆ.